ಒಂದೇ ನೆಲ, ಎರಡು ಜನಾಂಗ: ಇಸ್ರೇಲ್–ಪ್ಯಾಲೆಸ್ತೀನ್ ಜಗಳದ ಹಿನ್ನೆಲೆ



ಸಂಘದ ಸಭೆಗಳಿಗೆ ಹೋದಾಗ ಹಲವರು ನಮ್ಮನ್ನು ಕೇಳುತ್ತಾರೆ: "ಟಿ.ವಿ.ಯಲ್ಲಿ ಗಾಜಾ, ಇಸ್ರೇಲ್ ಅಂತ ತೋರಿಸ್ತಾರಲ್ಲ, ಈ ಜಗಳ ಯೇಸುವಿನ ಕಾಲದಿಂದ್ಲೂ ಇದೆಯಾ?" ನಮ್ಮ ಕರಾವಳಿ ಕಡೆಯ ಎಷ್ಟೋ ಮಂದಿ ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡುತ್ತಿದ್ದಾರೆ. ಹಾಗಾಗಿ ಇದು ಯಾರದ್ದೋ ಊರಿನ ಸುದ್ದಿ ಅಂತ ಬಿಡುವ ಹಾಗಿಲ್ಲ.

ಇದು ಎರಡು ಸಾವಿರ ವರ್ಷದ ಜಗಳ ಅಲ್ಲ. ಶುರುವಾಗಿ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಾಯಿತು, ಅಷ್ಟೆ. ಧರ್ಮದ ಹೆಸರು ಅದರಲ್ಲಿ ಬೆರೆತಿದೆ ನಿಜ. ಆದರೆ ಅದರ ಬೇರು ಇರುವುದು ನೆಲ ಮತ್ತು ಮನೆಯ ಪ್ರಶ್ನೆಯಲ್ಲಿ.

ಮೊದಲು ಯಾರಿದ್ದರು?

1517ರಿಂದ 400 ವರ್ಷ ಆ ನಾಡನ್ನು ಆಳಿದವರು ತುರ್ಕರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಅರಬ್ ಮುಸ್ಲಿಮರು. ಜೊತೆಗೆ ಅರಬ್ ಕ್ರೈಸ್ತರು, ಸ್ವಲ್ಪ ಮಂದಿ ಯೆಹೂದ್ಯರು ಇದ್ದರು. ಬೆತ್ಲೆಹೇಮ್, ನಜರೇತಿನ ಕ್ರೈಸ್ತರ ಮನೆಮಾತು ಇಂದಿಗೂ ಅರಬ್ಬಿ.

ಯೆಹೂದ್ಯರಿಗೂ ಅದು ಪೂರ್ವಜರ ನಾಡು. ರೋಮನ್ನರ ಕಾಲದಿಂದ ಅವರಲ್ಲಿ ಬಹಳ ಮಂದಿ ದೇಶದೇಶಗಳಿಗೆ ಚದುರಿಹೋಗಿದ್ದರು. ಯುರೋಪಿನಲ್ಲಿ ಅವರಿಗೆ ತುಂಬಾ ಕಿರುಕುಳ ಇತ್ತು. 1897ರಲ್ಲಿ ಥಿಯೋಡರ್ ಹರ್ಜಲ್ ಎಂಬುವರು ಸಮಾವೇಶ ಕರೆದು, ಯೆಹೂದ್ಯರಿಗೆ ಅಲ್ಲೇ ಸ್ವಂತ ನೆಲೆ ಬೇಕು ಎಂದರು.

ಬ್ರಿಟಿಷರ ಮಾತು

1917ರಲ್ಲಿ ಬ್ರಿಟನ್ನಿನ ಮಂತ್ರಿ ಬಾಲ್ಫರ್, ಪ್ಯಾಲೆಸ್ತೀನಿನಲ್ಲಿ ಯೆಹೂದ್ಯರಿಗೆ ನೆಲೆ ಮಾಡಿಕೊಡಲು ಸಹಾಯ ಮಾಡುತ್ತೇವೆಂದು ಪತ್ರ ಕೊಟ್ಟರು. ಅದಕ್ಕೆ ಮೊದಲೇ ಅರಬ್ ಮುಖಂಡರಿಗೂ ಸ್ವಾತಂತ್ರ್ಯದ ಆಸೆ ತೋರಿಸಿದ್ದರು. ತುರ್ಕರ ಮೇಲಿನ ಆ ಯುದ್ಧದಲ್ಲಿ ನಮ್ಮವರೂ ಇದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆಯೂ ಸೇರಿತ್ತು.

ಆಮೇಲೆ ಬ್ರಿಟಿಷರ ಆಡಳಿತ ಬಂತು. ಗೇಣಿ ಜಮೀನಿನ ಕಷ್ಟ ನಮಗೆ ಗೊತ್ತಲ್ಲ? ಅಲ್ಲೂ ಹಾಗೇ ಆಯಿತು. ನಜರೇತಿನ ಹತ್ತಿರದ ಕಣಿವೆಯ ಜಮೀನನ್ನು ದೂರದ ಬೈರೂತಿನಲ್ಲಿದ್ದ ಧಣಿಗಳು ಯೆಹೂದ್ಯ ಸಂಸ್ಥೆಗಳಿಗೆ ಮಾರಿದರು. ಅಲ್ಲಿ ಉಳುತ್ತಿದ್ದ ಅರಬ್ ಗೇಣಿದಾರರು ಒಕ್ಕಲೆದ್ದರು. ಸಿಟ್ಟು ಬೆಳೆಯಿತು, ಎರಡೂ ಕಡೆ ರಕ್ತ ಹರಿಯಿತು.

ಅದೇ ಕಾಲಕ್ಕೆ ಯುರೋಪಿನಲ್ಲಿ ಹಿಟ್ಲರನ ಆಡಳಿತ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿತು. ಉಳಿದವರಲ್ಲಿ ಅನೇಕರಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ.

1948

1947ರಲ್ಲಿ ವಿಶ್ವಸಂಸ್ಥೆ ನಾಡನ್ನು ಎರಡು ಭಾಗ ಮಾಡಲು ತೀರ್ಮಾನಿಸಿತು. ಭಾರತ ಅದರ ವಿರುದ್ಧ ಮತ ಹಾಕಿತು. ಯೆಹೂದ್ಯ ಮುಖಂಡರು ಒಪ್ಪಿದರು, ಅರಬ್ಬರು ಒಪ್ಪಲಿಲ್ಲ. 1948ರ ಮೇ 14ರಂದು ಇಸ್ರೇಲ್ ದೇಶ ಹುಟ್ಟಿತು. ಅಕ್ಕಪಕ್ಕದ ಅರಬ್ ದೇಶಗಳು ಯುದ್ಧಕ್ಕೆ ಬಂದವು. ಆ ಗಲಾಟೆಯಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಊರು ಬಿಟ್ಟರು, ಹಲವರನ್ನು ಓಡಿಸಲಾಯಿತು. ನಾಲ್ಕು ದಿನ ಬಿಟ್ಟು ಬರೋಣ ಅಂತ ಬೀಗ ಹಾಕಿ ಹೊರಟವರ ಬೀಗದ ಕೈ ಇಂದಿಗೂ ಎಷ್ಟೋ ಮನೆಗಳಲ್ಲಿ ಇದೆ. ಅರಬ್ ದೇಶಗಳಲ್ಲಿದ್ದ ಲಕ್ಷಾಂತರ ಯೆಹೂದ್ಯರೂ ಮುಂದಿನ ವರ್ಷಗಳಲ್ಲಿ ಮನೆಮಠ ಕಳಕೊಂಡು ಹೊರಬಂದರು.

ಆಮೇಲೆ

1967ರ ಆರು ದಿನಗಳ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗಾಜಾಗಳನ್ನು ವಶಪಡಿಸಿಕೊಂಡಿತು. ಅಲ್ಲಿ ಯೆಹೂದ್ಯರ ವಸತಿಗಳು ಎದ್ದವು. 1993ರಲ್ಲಿ ರಾಬಿನ್ ಮತ್ತು ಅರಾಫತ್ ಒಪ್ಪಂದ ಮಾಡಿಕೊಂಡರು. ಅದನ್ನು ಒಪ್ಪದ ಯೆಹೂದ್ಯ ಯುವಕನೊಬ್ಬ 1995ರಲ್ಲಿ ರಾಬಿನ್‌ರನ್ನು ಕೊಂದ. ಆ ಕಡೆ ಹಮಾಸ್ ಬಾಂಬ್ ದಾಳಿ ನಡೆಸಿತು. ಇಸ್ರೇಲ್ 2005ರಲ್ಲಿ ಗಾಜಾದಿಂದ ವಸತಿಗಳನ್ನು ತೆಗೆಯಿತು. 2007ರಲ್ಲಿ ಹಮಾಸ್ ಅಧಿಕಾರ ಹಿಡಿದ ಮೇಲೆ ದಿಗ್ಬಂಧನ ಬಿಗಿಯಾಯಿತು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು. ನಂತರ ಇಸ್ರೇಲ್ ನಡೆಸಿದ ಯುದ್ಧದಲ್ಲಿ ಗಾಜಾದಲ್ಲಿ 60 ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಅಲ್ಲಿನ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿದೆ. ಅವರಲ್ಲಿ ಹೆಂಗಸರು, ಮಕ್ಕಳು ಸಾವಿರಾರು.

ಮಕ್ಕಳನ್ನು ಕಳಕೊಂಡ ಎರಡೂ ಕಡೆಯ ಕುಟುಂಬಗಳ ಒಂದು ಸಂಘಟನೆ 1995ರಿಂದ ಅಲ್ಲಿದೆ. ಹೆಸರು ಪೇರೆಂಟ್ಸ್ ಸರ್ಕಲ್. ಇಸ್ರೇಲಿ ತಾಯಿ, ಪ್ಯಾಲೆಸ್ತೀನಿ ತಾಯಿ ಒಟ್ಟಿಗೆ ಕೂತು ತಮ್ಮ ಕಥೆ ಹೇಳುತ್ತಾರೆ, ಸೇಡು ಬೇಡ ಎನ್ನುತ್ತಾರೆ. ಅವರಿಗೆ ಅದು ಸಾಧ್ಯವಾದರೆ, ದೂರದಲ್ಲಿ ಕೂತ ನಾವು ಒಂದು ಜನಾಂಗವನ್ನೇ ಕೆಟ್ಟದು ಅಂತ ಬೈಯುವುದು ಸರಿಯೇ?

ಮುಂದಿನ ಸಭೆಯಲ್ಲಿ ಚರ್ಚಿಸಿ:
1. ಈ ಜಗಳದಲ್ಲಿ ಧರ್ಮದ ಪಾಲೆಷ್ಟು, ನೆಲದ ಪಾಲೆಷ್ಟು?
2. ನಮ್ಮ ಊರಿನ ಜಗಳಗಳಲ್ಲಿ ಎರಡೂ ಕಡೆಯ ಮಾತು ಕೇಳುವ ಅಭ್ಯಾಸ ನಮಗಿದೆಯೇ?