ಪಂಕ್ ಹಾಡುಗಾರ, ಪಳೆಯುಳಿಕೆಗಳ ಮೇಷ್ಟ್ರು

ಕಿವಿಗಡಚಿಕ್ಕುವ ಗಿಟಾರು, ಎರಡೇ ನಿಮಿಷದ ಹಾಡು, ಕಂಡದ್ದರ ಮೇಲೆಲ್ಲ ಸಿಟ್ಟು. 1970ರ ದಶಕದಲ್ಲಿ ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ಬೆಳೆದ ಪಂಕ್ ರಾಕ್ ಸಂಗೀತಕ್ಕೂ ಓದಿಗೂ ಎಣ್ಣೆ-ಸೀಗೆಕಾಯಿ ಸಂಬಂಧವೆಂದೇ ಹೆತ್ತವರ ಎಣಿಕೆ. ಅಮೆರಿಕದ ‘ಬ್ಯಾಡ್ ರಿಲಿಜನ್’ ತಂಡದ ಮುಖ್ಯ ಗಾಯಕ ಗ್ರೆಗ್ ಗ್ರಾಫಿನ್ ಈ ಎಣಿಕೆಯನ್ನು ಸುಳ್ಳು ಮಾಡಿದವರು.

ಗ್ರಾಫಿನ್ ಹುಟ್ಟಿದ್ದು 1964ರಲ್ಲಿ. ತಂದೆ ಇಂಗ್ಲಿಷ್ ಪ್ರಾಧ್ಯಾಪಕರು. ತಂದೆ-ತಾಯಿ ಬೇರ್ಪಟ್ಟ ಮೇಲೆ ಹುಡುಗ ವಿಸ್ಕಾನ್ಸಿನ್ ಬಿಟ್ಟು ತಾಯಿಯೊಂದಿಗೆ ಲಾಸ್ ಏಂಜಲೀಸಿಗೆ ಬಂದ. ಹೊಸ ಊರಿನಲ್ಲಿ, 1980ರಲ್ಲಿ, ಹೈಸ್ಕೂಲು ಗೆಳೆಯರನ್ನು ಸೇರಿಸಿಕೊಂಡು ತಂಡ ಕಟ್ಟಿದಾಗ ವಯಸ್ಸು ಹದಿನೈದು.

ಹಾಡು ಬಿಡಲಿಲ್ಲ, ಓದನ್ನೂ ಬಿಡಲಿಲ್ಲ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದರು. ತಂಡ ಆಲ್ಬಂ ಮೇಲೆ ಆಲ್ಬಂ ತರುತ್ತ ಊರೂರು ಸುತ್ತುತ್ತಿತ್ತು. ಹೀಗಾಗಿ ಕಾರ್ನೆಲ್ ವಿಶ್ವವಿದ್ಯಾಲಯದ ಪಿಎಚ್.ಡಿ. ಕೈಗೆ ಬರುವ ಹೊತ್ತಿಗೆ 2003 ಆಗಿತ್ತು, ವಯಸ್ಸು ನಲವತ್ತರ ಹತ್ತಿರ. ಎರಡೂ ಕಡೆ ಅವರು ಪಾಠ ಹೇಳಿದ್ದಾರೆ.

ಅವರ ವಿಷಯ ಬಾಗಲಕೋಟೆ ಜಿಲ್ಲೆಯ ಮಕ್ಕಳಿಗೇನೂ ದೂರದ್ದಲ್ಲ. ಇಳಕಲ್ಲಿನ ಕೆಂಪು ಗ್ರಾನೈಟು ಕರಗಿದ ಶಿಲೆ ಆರಿ ಗಟ್ಟಿಯಾದದ್ದು. ಅದರಲ್ಲಿ ಜೀವಿಗಳ ಗುರುತು ಹುಡುಕಿ ಫಲವಿಲ್ಲ. ಕಲಾದಗಿ ಶಿಲಾಸಮೂಹದ ಡಾಲೊಮೈಟಿನಲ್ಲಾದರೋ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳು ಉಳಿದಿವೆ. ಅವು ನೂರು ಕೋಟಿ ವರ್ಷಕ್ಕೂ ಹಿಂದಿನವು! ಕಲ್ಲನ್ನು ಹೀಗೆ ಓದುವ ವಿದ್ಯೆಯೇ ಗ್ರಾಫಿನ್ ಕಲಿಸುತ್ತಿದ್ದ ಪಳೆಯುಳಿಕೆ ಶಾಸ್ತ್ರ. ಚೀನಾದಲ್ಲಿ ಸಿಕ್ಕ, ಸುಮಾರು 12 ಕೋಟಿ ವರ್ಷ ಹಿಂದಿನ ಹಕ್ಕಿಯೊಂದಕ್ಕೆ 2011ರಲ್ಲಿ ವಿಜ್ಞಾನಿಗಳು ‘ಕಿಲಿಯಾನಿಯ ಗ್ರಾಫಿನಿ’ ಎಂದು ಅವರ ಹೆಸರನ್ನೇ ಇಟ್ಟರು. ಹಾಡುಗಾರರಿಗೆ ಇಂಥ ಬಿರುದು ಸಿಗುವುದು ಅಪರೂಪ.

ಇನ್ನು ವಿಚಾರ. ತಂಡದ ಹೆಸರಿನ ಅರ್ಥವೇ ‘ಕೆಟ್ಟ ಧರ್ಮ’; ಕೇಳಿದವರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಸಂಶೋಧನೆಗೆ ಕುಳಿತಾಗ ಗ್ರಾಫಿನ್ ತೀರ್ಪು ಹೇಳುವ ಮೊದಲು ಪ್ರಶ್ನೆ ಕೇಳಿದರು. ಹೆಸರಾಂತ 149 ಜೀವವಿಕಾಸ ವಿಜ್ಞಾನಿಗಳ ಉತ್ತರ ಪಡೆದರು. ಅವರಲ್ಲಿ ಬಹುಪಾಲು ಜನರಿಗೆ ಪ್ರಾರ್ಥನೆ ಆಲಿಸುವ ದೇವರಲ್ಲಿ ನಂಬಿಕೆ ಇರಲಿಲ್ಲ. ಹಾಗೆಂದು ಧರ್ಮಕ್ಕೂ ವಿಕಾಸವಾದಕ್ಕೂ ಜಗಳವೇ ಎಂದವರೂ ಹೆಚ್ಚಿರಲಿಲ್ಲ. ಸ್ವತಃ ಗ್ರಾಫಿನ್ನರಿಗೆ ‘ನಾಸ್ತಿಕ’ ಎಂಬುದಕ್ಕಿಂತ ‘ನಿಸರ್ಗವಾದಿ’ ಎಂಬ ಹೆಸರು ಇಷ್ಟ. ಮೊದಲನೆಯದು ಏನನ್ನು ಒಪ್ಪುವುದಿಲ್ಲ ಎಂದಷ್ಟೇ ಹೇಳುತ್ತದೆ, ಎರಡನೆಯದು ಏನನ್ನು ಒಪ್ಪುತ್ತೇನೆ ಎಂಬುದನ್ನು.

ಕ್ರೈಸ್ತ ಶ್ರದ್ಧೆಯ ಇತಿಹಾಸ ಪ್ರಾಧ್ಯಾಪಕ ಪ್ರೆಸ್ಟನ್ ಜೋನ್ಸ್ ಈ ಹಾಡುಗಳನ್ನು ಮೆಚ್ಚಿ ಇ-ಮೇಲ್ ಬರೆದರು. ಗ್ರಾಫಿನ್ ಉತ್ತರಿಸಿದರು. ದೇವರ ವಿಷಯದಲ್ಲಿ ವಾದ ಬೆಳೆಯಿತು. ಇಬ್ಬರೂ ನಿಲುವು ಬಿಟ್ಟುಕೊಡಲಿಲ್ಲ. 2006ರಲ್ಲಿ ಆ ಪತ್ರಗಳೇ ಪುಸ್ತಕವಾದವು, ಎರಡೂ ಕಡೆಯವು ಒಟ್ಟಿಗೆ ಅಚ್ಚಾಗಿ.