ಹೊಕ್ಕುಳ ಸುತ್ತ 14 ಇಂಜೆಕ್ಷನ್, ಮತ್ತು ಕೋತಿಯ ಮಿದುಳು
ನಾಯಿ ಕಚ್ಚಿದ್ರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ನಮ್ಮನ್ನು ಹೆದರಿಸುತ್ತಿದ್ದರು. ಆ ಸೆಂಪಲ್ ಲಸಿಕೆ ತಯಾರಾಗುತ್ತಿದ್ದುದು ಕುರಿಯ ಮಿದುಳಿನಿಂದ. ಅದನ್ನು ಚುಚ್ಚಿಸಿಕೊಂಡ ಕೆಲವರಿಗೆ ಕೈಕಾಲು ಸ್ವಾಧೀನ ತಪ್ಪುತ್ತಿತ್ತು.

ಯಾಕೆ? 1933ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ತಂಡ ಕೋತಿಗಳಿಗೆ ಆರೋಗ್ಯವಂತ ಮೊಲದ ಮಿದುಳಿನ ಸಾರವನ್ನು ಮತ್ತೆ ಮತ್ತೆ ಚುಚ್ಚಿತು. ರೇಬಿಸ್ ವೈರಸ್ಸೇ ಇಲ್ಲ, ಆದರೂ ಕೆಲವು ಕೋತಿಗಳ ಕೈಕಾಲು ಸೋತವು. ಅವುಗಳ ಮಿದುಳಲ್ಲಿ ರಕ್ತನಾಳಗಳ ಸುತ್ತ ಬಿಳಿ ರಕ್ತಕಣಗಳ ಮುತ್ತಿಗೆ. ನರತಂತುವಿನ ಮೈಲಿನ್ ಕವಚ, ಅಂದ್ರೆ ವೈರಿನ ಪ್ಲಾಸ್ಟಿಕ್ ಹೊದಿಕೆಯಂಥದ್ದು, ಅಲ್ಲಲ್ಲಿ ನಾಶವಾಗಿತ್ತು. ಹೊರಗಿನ ಮೈಲಿನ್ ಪ್ರೋಟೀನನ್ನು ಶತ್ರು ಅಂದುಕೊಂಡ ದೇಹ ತನ್ನದೇ ಮೈಲಿನ್ ಮೇಲೂ ಬೀಳುತ್ತದೆ ಅನ್ನೋದು ಆಮೇಲೆ ತಿಳಿಯಿತು.

ಇಷ್ಟು ಗೊತ್ತಿದ್ದೂ ಸರ್ಕಾರಿ ಆಸ್ಪತ್ರೆಗೆ ಬಂದ ಬಡವರಿಗೆ ಅದೇ ಲಸಿಕೆ. ದುಡ್ಡಿದ್ದವರು ಸುರಕ್ಷಿತವಾದದ್ದನ್ನು ಕೊಂಡರು. ಭಾರತ ಅದನ್ನು ಪೂರ್ತಿ ಬಿಟ್ಟದ್ದು 2005ರ ಹೊತ್ತಿಗೆ. ಈಗಿನ ರೇಬಿಸ್ ಲಸಿಕೆಯಲ್ಲಿ ಮಿದುಳಿನ ಅಂಶವಿಲ್ಲ, ತೋಳಿಗೇ ಹಾಕ್ತಾರೆ.