ಜನಾಭಿಪ್ರಾಯದ ಅಳತೆ

ಜನಮತ ಸಮೀಕ್ಷೆಯನ್ನು ಕುರಿತು ವಿದ್ಯಾವಂತರಲ್ಲಿಯೂ ಬೇರೂರಿರುವ ನಂಬಿಕೆಗಳಲ್ಲಿ ಮೊದಲನೆಯದು, ಎಷ್ಟು ಹೆಚ್ಚು ಜನರನ್ನು ಕೇಳಿದರೆ ಉತ್ತರವು ಅಷ್ಟು ಹೆಚ್ಚು ನಿಜವಾಗುವುದೆಂಬುದು. ಇದು ಎಷ್ಟು ಸಹಜವಾಗಿ ತೋರುವುದೋ ಅಷ್ಟೇ ಅಪಾಯಕರವಾದ ನಂಬಿಕೆಯೆಂಬುದನ್ನು 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಎಂಬ ವಾರಪತ್ರಿಕೆ ತನ್ನ ಕೀರ್ತಿಯನ್ನೇ ತೆತ್ತು ಲೋಕಕ್ಕೆ ತಿಳಿಸಿಕೊಟ್ಟಿತು.

ಹಿಂದಿನ ಐದು ಅಧ್ಯಕ್ಷ ಚುನಾವಣೆಗಳಲ್ಲಿ ಗೆಲ್ಲುವವರನ್ನು ಮುಂಚಿತವಾಗಿಯೇ ಸರಿಯಾಗಿ ಹೆಸರಿಸಿದ್ದ ಆ ಪತ್ರಿಕೆ, ಟೆಲಿಫೋನ್ ಡೈರೆಕ್ಟರಿಗಳಿಂದಲೂ ಮೋಟಾರು ವಾಹನಗಳ ನೋಂದಣಿ ಪಟ್ಟಿಗಳಿಂದಲೂ ವಿಳಾಸಗಳನ್ನಾಯ್ದು, ಸುಮಾರು 1 ಕೋಟಿ ಮತಪತ್ರಗಳನ್ನು ಅಂಚೆಗೆ ಹಾಕಿ, ಮರಳಿ ಬಂದ 23 ಲಕ್ಷಕ್ಕೂ ಮಿಕ್ಕ ಉತ್ತರಗಳನ್ನೆಣಿಸಿ, ರಿಪಬ್ಲಿಕನ್ ಪಕ್ಷದ ಆಲ್ಫ್ ಲ್ಯಾಂಡನ್ನರೇ ಗೆಲ್ಲುವರೆಂದು ಸಾರಿತು. ಗೆದ್ದವರು ಆಗಿನ ಅಧ್ಯಕ್ಷ ರೂಸ್‌ವೆಲ್ಟರು, 48 ರಾಜ್ಯಗಳಲ್ಲಿ ಲ್ಯಾಂಡನ್ನರಿಗೆ ಒಲಿದವು ಮೇನ್ ಮತ್ತು ವರ್ಮಾಂಟ್ ಎರಡೇ. ಸುಮಾರು 50,000 ಜನರನ್ನು ಮಾತ್ರ ಕೇಳಿದ್ದ ಸಮೀಕ್ಷಕ ಜಾರ್ಜ್ ಗ್ಯಾಲಪ್ಪರು ರೂಸ್‌ವೆಲ್ಟರ ಜಯವನ್ನು ಮೊದಲೇ ಹೇಳಿದ್ದರು. ಆದರೆ ಜಯದ ಅಂತರವನ್ನು ಅವರೂ ಕಡಿಮೆಯಾಗಿಯೇ ಎಣಿಸಿದ್ದರೆಂಬುದನ್ನು ಮರೆಯಬಾರದು. 'ಡೈಜೆಸ್ಟ್' 1938ರಲ್ಲಿ ನಿಂತುಹೋಯಿತು.

ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಟೆಲಿಫೋನೂ ಕಾರೂ ಉಳ್ಳವರ ಸ್ವತ್ತಾಗಿದ್ದುದರಿಂದ ಬಡವರ ಮತವು ಲೆಕ್ಕಕ್ಕೆ ಬರಲಿಲ್ಲವೆಂದು ಸಾಮಾನ್ಯವಾಗಿ ಹೇಳುವರು. ಇದು ಅರ್ಧಸತ್ಯ. ಪತ್ರ ಪಡೆದವರಲ್ಲಿ ನಾಲ್ಕನೆಯ ಒಂದು ಪಾಲಿನಷ್ಟು ಜನ ಮಾತ್ರ ಉತ್ತರಿಸಿದರು. ಅಧ್ಯಕ್ಷರ ಮೇಲೆ ಅಸಮಾಧಾನವಿದ್ದವರು ಉತ್ಸಾಹದಿಂದ ಬರೆದರು, ತೃಪ್ತರಾದವರು ಸುಮ್ಮನಿದ್ದರು ಎಂಬುದು ಮುಂದಿನ ವಿದ್ವಾಂಸರ ಪರಿಶೀಲನೆಯಿಂದ ಹೊರಬಿದ್ದಿದೆ. ನಮ್ಮ ಸುದ್ದಿವಾಹಿನಿಗಳು ಪ್ರೇಕ್ಷಕರಿಂದ ಫೋನಿನಲ್ಲಿ ಸಂಗ್ರಹಿಸುವ 'ಹೌದು-ಇಲ್ಲ'ಗಳಿಗೂ ಇದೇ ದೋಷ ಅಂಟಿಕೊಂಡಿದೆ. ಲಕ್ಷಗಟ್ಟಲೆ ಕರೆಗಳು ಬಂದರೂ ಅವು ಕರೆಮಾಡಿದವರ ಮತವೇ ಹೊರತು ನಾಡಿನ ಮತವಲ್ಲ.

ಎರಡನೆಯ ನಂಬಿಕೆ ಇದಕ್ಕೆ ತದ್ವಿರುದ್ಧವಾದುದು: "ನನ್ನನ್ನಾಗಲಿ ನನ್ನ ನೆಂಟರನ್ನಾಗಲಿ ಯಾರೂ ಕೇಳಿಲ್ಲ, ಕೋಟ್ಯಂತರ ಜನರ ಮನಸ್ಸನ್ನು ಸಾವಿರ ಜನರಿಂದ ತಿಳಿಯುವುದೆಂತು?" ಹುಳಿಗೆ ಉಪ್ಪು ಸರಿಯಾಗಿದೆಯೇ ಎಂದು ನೋಡಲು, ತಳದಿಂದ ಚೆನ್ನಾಗಿ ಕದಡಿದ್ದಾದರೆ, ಪಾತ್ರೆ ದೊಡ್ಡದಿರಲಿ ಚಿಕ್ಕದಿರಲಿ ಒಂದು ಸೌಟು ಸಾಲದೆ? ಪ್ರತಿಯೊಬ್ಬನಿಗೂ ಆಯ್ಕೆಯಾಗುವ ಸಮಾನಾವಕಾಶವಿರುವಂತೆ ಯಾದೃಚ್ಛಿಕವಾಗಿ ಆರಿಸಿದ 1,000 ಜನರ ಉತ್ತರದಲ್ಲಿ ಸಂಭವನೀಯ ದೋಷ ನೂರಕ್ಕೆ ಸುಮಾರು 3. ಅದನ್ನು ಅರ್ಧಕ್ಕಿಳಿಸಲು 4,000 ಜನ ಬೇಕು. ದೇಶದ ಜನಸಂಖ್ಯೆಯಿಂದ ಈ ಲೆಕ್ಕದಲ್ಲಿ ಹೆಚ್ಚುಕಡಿಮೆಯಾಗದು. ಕಷ್ಟವಿರುವುದೆಲ್ಲ ಆ ಕದಡುವಿಕೆಯಲ್ಲಿ, ಅಂದರೆ ಮನೆಯಲ್ಲಿ ಸಿಗದ ಕೂಲಿಯವನನ್ನೂ ಬಾಗಿಲ ಮರೆಯಲ್ಲಿ ನಿಂತು ಮಾತನಾಡಲು ಹಿಂಜರಿಯುವ ಹೆಂಗಸನ್ನೂ ಬಿಡದೆ ಕೇಳುವುದರಲ್ಲಿ. ಆ ಶ್ರಮವನ್ನು ಪಟ್ಟವರು ಯಾರು, ಪಡದವರು ಯಾರೆಂಬುದನ್ನು ವಿಚಾರಿಸದೆ ಎಲ್ಲ ಸಮೀಕ್ಷೆಗಳನ್ನೂ ಒಟ್ಟಾಗಿ ಹಳಿಯುವುದು ನ್ಯಾಯವಲ್ಲ.

ಸಾಮಾಜಿಕ ವಿಷಯಗಳಲ್ಲಿ ಪ್ರಶ್ನೆಯ ಮಾತೇ ಉತ್ತರವನ್ನು ತಿರುಗಿಸಬಲ್ಲದು. ಪ್ರಜಾಪ್ರಭುತ್ವಕ್ಕೆ ವಿರುದ್ಧವಾದ ಭಾಷಣಗಳನ್ನು ಸರ್ಕಾರ ನಿಷೇಧಿಸಬೇಕೇ ಎಂದು 1940ರಲ್ಲಿ ಅಮೆರಿಕದಲ್ಲಿ ಕೇಳಿದಾಗ ಹೌದೆಂದವರು ಶೇಕಡಾ 46. ಅವುಗಳಿಗೆ ಅವಕಾಶ ಕೊಡಬೇಕೇ ಎಂದು ಬೇರೊಂದು ಗುಂಪನ್ನು ಕೇಳಿದಾಗ ಕೂಡದೆಂದವರು ಶೇಕಡಾ 62.

ಕೊನೆಯದಾಗಿ, ಮತಗಳ ಪ್ರಮಾಣ ತಿಳಿದೊಡನೆ ಸ್ಥಾನಗಳ ಸಂಖ್ಯೆಯೂ ತಿಳಿದಂತೆಯೇ ಎಂಬ ಭ್ರಮೆ. ಕರ್ನಾಟಕದ 2018ರ ವಿಧಾನಸಭಾ ಚುನಾವಣೆಯಲ್ಲಿ ಶೇಕಡಾ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ ದೊರೆತುದು 80 ಸ್ಥಾನ. ಶೇಕಡಾ 36ರಷ್ಟು ಪಡೆದ ಭಾಜಪಕ್ಕೆ 104. ಐದು ವರ್ಷಗಳ ತರುವಾಯ ಭಾಜಪದ ಮತಪ್ರಮಾಣ ಬಹುಮಟ್ಟಿಗೆ ಅಷ್ಟೇ ಇದ್ದಿತಾದರೂ ಕಾಂಗ್ರೆಸ್ ಶೇಕಡಾ 43ರ ಸಮೀಪಕ್ಕೆ ಏರಿದುದರಿಂದ ಭಾಜಪದ ಸ್ಥಾನಗಳು 66ಕ್ಕೆ ಕುಸಿದವು. ಮತಪ್ರಮಾಣವನ್ನು ನಿರ್ದುಷ್ಟವಾಗಿ ಅಳೆದ ಸಮೀಕ್ಷಕನೂ, ಎದುರಾಳಿಗಳ ಮತಗಳು ಯಾವ ಕ್ಷೇತ್ರದಲ್ಲಿ ಹೇಗೆ ಹಂಚಿಹೋದುವೆಂಬುದನ್ನು ಅರಿಯದೆ, ಈ ಎರಡು ಫಲಗಳಲ್ಲಿ ಒಂದನ್ನೂ ಹೇಳಲಾರನು.